ಪಿರಮಿಡ್ಡಿನ ಮೇಲೆ ಬಿಟ್ಟ ಬೂಟು

"ಪಿರಮಿಡ್ಡಿನ ನೆತ್ತಿ ಮ್ಯಾಲೆ ನಿಂತು ಬೀಡಿ ಹಚ್ಚಿದೋನು ಈ ದಾವಣಗೆರೆ ತಾಲೂಕಿನಾಗೆ ನಾನೊಬ್ನೇ. ನನ್ನ ಬೂಟು ಇನ್ನೂ ಅಲ್ಲೇ ಅದಾವೆ, ನಿಶಾನೆಗೆ ಅಂತ ಬಿಟ್ಟು ಬಂದೀನಿ. ಬೇಕಾದ್ರೆ ಹೋಗಿ ನೋಡ್ರಿ."

ಹಡಗಿನ ಕೆಲಸ ಮುಗಿಸಿ ಊರಿಗೆ ಮರಳಿದ ಮಕ್ತುಮ್ ಸಾಬ್ ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ ನಿಂತು ಈ ಮಾತು ಹೇಳಿದ್ದು 1958ರ ಬೇಸಿಗೆಯಲ್ಲಿ. 'ಬೇಕಾದ್ರೆ ಹೋಗಿ ನೋಡ್ರಿ' ಎಂಬ ಬಾಲದಲ್ಲೇ ಆ ಮಾತಿನ ಬಲವೆಲ್ಲ ಇತ್ತು. ಪಕ್ಕದ ಆನಗೋಡಿಗೆ ಹೋಗಿ ಬರುವುದಕ್ಕೇ ಜನ ನಾಲ್ಕು ದಿನ ಯೋಚನೆ ಮಾಡುತ್ತಿದ್ದ ಕಾಲವದು. ಮಿಸರ ದೇಶದವರೆಗೂ ಹೋಗಿ, ಪಿರಮಿಡ್ಡು ಹತ್ತಿ, ಬೂಟು ಇದೆಯೋ ಇಲ್ಲವೋ ನೋಡಿಕೊಂಡು ಬರುವ ಪುರುಸೊತ್ತು ಯಾರಿಗಿತ್ತು? ಹೀಗಾಗಿ ಮಾತು ಬೆಳೆಯಿತು. ಮೊದಲ ವಾರ ಅವನು ಪಿರಮಿಡ್ಡನ್ನು ಮೂರು ತಾಸಿನಲ್ಲಿ ಹತ್ತಿದ್ದ, ಎರಡನೇ ವಾರ ಒಂದೇ ತಾಸು. ಮೊಹರಂ ಹೊತ್ತಿಗೆ ಒಂದು ಬೀಡಿ ಸೇದಿ ಮುಗಿಸುವುದರೊಳಗೆ ಹತ್ತಿ, ಮೇಲೆ ನಿಂತು ಎಡಗಡೆ ಮಕ್ಕಾ, ಬಲಗಡೆ ಮುಂಬಯಿ ನೋಡಿ, ಕಣ್ಣು ಕಿರಿದು ಮಾಡಿದರೆ ದಾವಣಗೆರೆಯ ಮಿಲ್ಲಿನ ಚಿಮಣಿಯ ಹೊಗೆಯನ್ನೂ ಕಂಡಿದ್ದ.

ಓಣಿಯವರು ನಂಬಿದರು. ನಂಬದವರೂ ಚಹಾ ಕುಡಿಯುವಷ್ಟು ಹೊತ್ತು ನಂಬಿದಂತೆ ಕೂತರು. ಒಬ್ಬ ಮಾತ್ರ ಒಂದು ಗುಟುಕಿನಷ್ಟೂ ನಂಬಲಿಲ್ಲ. ಅವನು ಹರಿಹರದ ಮಸ್ತಾನಸಾಬ್. ಮಕ್ತುಮ್ ಸಾಬನ ಹೆಂಡತಿ ಖತೀಜಾಬೀಯ ಅಣ್ಣ, ಚಪ್ಪಲಿ ಅಂಗಡಿಯ ಮಾಲೀಕ. ನಿಶಾನೆಗೆ ಬಿಟ್ಟು ಬಂದೆ ಎನ್ನುತ್ತಿದ್ದ ಆ ಬೂಟನ್ನು ಕೈಯಾರೆ ಹೊಲಿದು ಕೊಟ್ಟವನೂ ಅವನೇ.

ಮಕ್ತುಮ್ ಸಾಬ್ ಹುಟ್ಟಿದ್ದು ಭಟ್ಟಿಯ ಮಗ್ಗುಲಲ್ಲಿ. ಬೇರೆ ಮಕ್ಕಳು ಮಣ್ಣಿನಲ್ಲಿ ಆಡಿ ಬೆಳೆದರೆ ಅವನು ಸುಡುವ ಮರಳಿನಲ್ಲಿ ಆಡಿ ಬೆಳೆದ. ಹೊಟ್ಟಿನ ಬೆಂಕಿಯ ಮೇಲೆ ಬಾಣಲೆ, ಬಾಣಲೆಯಲ್ಲಿ ಕೆಂಡದಂಥ ಮರಳು; ಅದಕ್ಕೆ ಅಕ್ಕಿ ಸುರಿದು ಮೂರು ಸಲ ಕೈಯಾಡಿಸುವುದರೊಳಗೆ ಮಂಡಕ್ಕಿಯಾಗಿ ಅರಳಬೇಕು; ನಾಲ್ಕನೇ ಸಲ ಕೈಯಾಡಿಸಿದರೆ ಇದ್ದಿಲು. ಅವನ ಹುಬ್ಬುಗಳು ಹತ್ತನೇ ವಯಸ್ಸಿಗೇ ಸುಟ್ಟುಹೋಗಿ ಮತ್ತೆ ಬರಲಿಲ್ಲ. ಇಪ್ಪತ್ತೆರಡಕ್ಕೆ ಮದುವೆಯಾಯಿತು. ಆರು ತಿಂಗಳಿಗೆ ಭಟ್ಟಿಯ ಮಾಲೀಕನ ಕೂಡ ಜಗಳವಾಡಿ ಮುಂಬಯಿ ಸೇರಿದ. ಅಲ್ಲಿ ಹಡಗಿನ ಬಾಯ್ಲರಿಗೆ ಕಲ್ಲಿದ್ದಲು ಎಸೆಯುವ ಆಳುಗಳನ್ನು ಆರಿಸಲು ಸಾರಂಗ, ಅಂದರೆ ಹಡಗಿನ ಆಳುಗಳ ಮೇಸ್ತ್ರಿ, ಒಲೆಯ ಬಾಗಿಲು ತೆಗೆದು ಒಬ್ಬೊಬ್ಬರನ್ನೇ ಮುಂದೆ ನಿಲ್ಲಿಸುತ್ತಿದ್ದನಂತೆ. ಉಳಿದವರು ಮುಖ ಮುಚ್ಚಿಕೊಂಡು ಓಡಿದರು. ಮಕ್ತುಮ್ ಸಾಬ್ ಬಗ್ಗಿ ನೋಡಿ, ಇಷ್ಟು ಸಣ್ಣ ಬೆಂಕಿಯಲ್ಲಿ ನಾಲ್ಕು ಸೇರು ಮಂಡಕ್ಕಿಯೂ ಆಗುವುದಿಲ್ಲವಲ್ಲ ಎಂದು ಕೇಳಿದ. ಅಂದೇ ಕೆಲಸ ಸಿಕ್ಕಿತು.

ಹೋಗುವ ಮುಂಚೆ ಮಸ್ತಾನಸಾಬ್ ಬೂಟು ಹೊಲಿದು ಕೊಟ್ಟಿದ್ದ. ಪ್ರೀತಿಗಲ್ಲ; ತಂಗಿಯ ಗಂಡ ಬರಿಗಾಲಲ್ಲಿ ದೇಶ ಸುತ್ತಿದರೆ ಅಂಗಡಿಯ ಮರ್ಯಾದೆ ಏನಾಗಬೇಕು ಎಂದು. ಎಮ್ಮೆ ಚರ್ಮ, ಮೂರು ಪದರದ ಅಟ್ಟೆ, ಒಂದೊಂದಕ್ಕೆ ನಲವತ್ತು ಮೊಳೆ. ತೂಕ ಎಷ್ಟಿತ್ತೆಂದರೆ ಅದನ್ನು ಹಾಕಿಕೊಂಡು ಮುಂದಕ್ಕೆ ಹೆಜ್ಜೆ ಇಟ್ಟರೆ ಕಾಲು ತಾನಾಗಿ ಮುಂದಿನೂರಿಗೆ ಹೋಗುತ್ತಿತ್ತು, ತಡೆಯುವುದೇ ಕಷ್ಟ. "ಹಾಕ್ಕೊಂಡೋನು ಸತ್ರೂ ಇದು ಸಾಯಂಗಿಲ್ಲ" ಎಂದು ಮಸ್ತಾನಸಾಬ್ ಹರಸಿ ಕಳಿಸಿದ. ಯಾರ ಸಾವಿನ ಮೇಲೆ ಅವನ ಕಣ್ಣಿತ್ತು ಎಂಬುದು ಮಕ್ತುಮ್ ಸಾಬನಿಗೆ ಆಗಲೇ ತಿಳಿಯಿತು.

ನಾಲ್ಕು ವರ್ಷದ ಮೇಲೆ ಅವನು ತಿರುಗಿ ಬಂದು, ಹೆಂಡತಿಯನ್ನು ಕರೆದೊಯ್ಯಲೆಂದು ರೈಲಿನಿಂದ ಇಳಿದವನೇ ನೇರವಾಗಿ ಹರಿಹರದ ಅಂಗಡಿಯ ಮುಂದೆ ನಿಂತ. ಮಸ್ತಾನಸಾಬ್ ಜನರನ್ನು ಮುಖ ನೋಡಿ ಗುರುತು ಹಿಡಿಯುತ್ತಿರಲಿಲ್ಲ, ಕಾಲು ನೋಡಿ ಹಿಡಿಯುತ್ತಿದ್ದ. ಎದುರಿಗೆ ಕಂಡಿದ್ದು ಹೆಬ್ಬೆರಳು ಹೊರಗೆ ಇಣುಕುವ ಹರಿದ ಕ್ಯಾನ್ವಾಸ್ ಬೂಟು. ಸಲಾಮಿಗೆ ಸಲಾಮು ಹೇಳುವ ಮೊದಲೇ, ನನ್ನ ಬೂಟು ಎಲ್ಲಿ ಎಂದ. ನಿಜ ಹೇಳಲು ಬಾಯಿ ತೆರೆದ ಮಕ್ತುಮ್ ಸಾಬ್ ಬಾಯಿ ಮುಚ್ಚಿಕೊಂಡ. ಮತ್ತೆ ತೆರೆದಾಗ ಬಂದದ್ದು ಪಿರಮಿಡ್ಡಿನ ನೆತ್ತಿ, ಬೀಡಿ, ನಿಶಾನೆ.

"ಮಾರ್ಕೊಂಡು ಕುಡಿದೀಯ" ಎಂದ ಮಸ್ತಾನಸಾಬ್. "ಕುಡುಕನ ಮನೆಗೆ ನನ್ನ ತಂಗೀನ ಕಳ್ಸಂಗಿಲ್ಲ. ನಿಜ ಹೇಳಿ ಕರ್ಕೊಂಡು ಹೋಗು."

ಅಲ್ಲಿಗೆ ಖತೀಜಾಬೀ ಅಣ್ಣನ ಮನೆಯಲ್ಲೇ ಉಳಿದಳು, ಮಕ್ತುಮ್ ಸಾಬ್ ದಾವಣಗೆರೆಯ ಭಟ್ಟಿಗೆ ಹೋದ. ಆ ಬೇಸಿಗೆ, ಆ ಮಳೆಗಾಲ, ಪ್ರತಿ ಶುಕ್ರವಾರ ಭಟ್ಟಿ ಆರಿದ ದಿನ ಹರಿಹರಕ್ಕೆ ಬರುವುದು, ಬೈಸಿಕೊಳ್ಳುವುದು, ಬರಿಗೈಯಲ್ಲಿ ಹಿಂತಿರುಗುವುದು. ಮಸ್ತಾನಸಾಬನ ಆತಿಥ್ಯ ವಾರವಾರಕ್ಕೂ ಏರಿತು. ಮೊದಲು ಸಕ್ಕರೆ ಇಲ್ಲದ ಚಹಾ ಕೊಟ್ಟ. ಆಮೇಲೆ ಚಹಾ ಇಲ್ಲದ ಬಸಿ. ಕೊನೆಗೆ ಮಕ್ತುಮ್ ಸಾಬನ ಪಾದದ ಅಳತೆಗೆ ಕೆತ್ತಿದ್ದ ಮರದ ಅಚ್ಚುಗಳನ್ನು ಹುಡುಕಿ ತೆಗೆದು ಅಂಗಡಿಯ ಬಾಗಿಲಿಗೆ ತೂಗುಹಾಕಿದ. ಬಂದ ಗಿರಾಕಿಗಳೆಲ್ಲ ಏನಿದು ಎಂದು ಕೇಳಬೇಕು, ಕೇಳಿದವರಿಗೆಲ್ಲ ಒಂದೇ ಉತ್ತರ: "ನಮ್ಮ ಜಹಾಜ್ ಸಾಹೇಬ್ರ ಕಾಲು. ಬೂಟು ಪಿರಮಿಡ್ಡಿನ ಮ್ಯಾಲೆ ಐತೆ, ಕಾಲು ಇಲ್ಲೈತೆ. ತಲೆ ಎಲ್ಲಿ ಬಿಟ್ಟಾನೋ ಇನ್ನೂ ಸಿಕ್ಕಿಲ್ಲ." ಸಾರಥಿ ಎಂಬ ಹಳ್ಳಿಯಿಂದ ಎತ್ತಿನ ಗಾಡಿಯಲ್ಲಿ ಬರುವ ರೈತರೂ ಚಪ್ಪಲಿ ಕೊಳ್ಳದೆ ಆ ಅಚ್ಚು ನೋಡಿ, ನಕ್ಕು, ಹೋಗುತ್ತಿದ್ದರು.

ಆದರೆ ನಿಜ ಹೇಳಿದರೆ ಇದಕ್ಕಿಂತ ದೊಡ್ಡ ನಗೆ ಕಾದಿದೆ ಎಂದು ಮಕ್ತುಮ್ ಸಾಬನಿಗೆ ಗೊತ್ತಿತ್ತು. ಸುಳ್ಳನಿಗೆ ನಮ್ಮ ಕಡೆ ಕೂರಲು ಕಟ್ಟೆ ಉಂಟು, ಕೇಳುವವರು ಉಂಟು. ದಡ್ಡನಿಗೆ ಏನಿದೆ?

ಈ ಜಗಳದಲ್ಲಿ ಕಿವಿ ಸೋತವರು ಮುರುಗೇಶಪ್ಪ. ಭಟ್ಟಿಯಿಂದ ಮಂಡಕ್ಕಿ ಚೀಲ ತರಿಸಿ ಹರಿಹರದಲ್ಲಿ ಸಗಟು ಮಾರುವ ಹಿರಿಯರು; ಒಬ್ಬನ ಕೈಯ ಮಂಡಕ್ಕಿ, ಇನ್ನೊಬ್ಬನ ಕೈಯ ಚಪ್ಪಲಿ, ಎರಡೂ ಅವರಿಗೆ ಬೇಕು. ಒಂದು ಶುಕ್ರವಾರ ಮಧ್ಯಾಹ್ನ ಅವರು ಅಂಗಡಿಗೆ ಬಂದು ಇಬ್ಬರನ್ನೂ ಎಬ್ಬಿಸಿದರು. "ನಡ್ರಿ ಗುಡಿಗೆ. ಹರ ದೊಡ್ಡೋನೋ ಹರಿ ದೊಡ್ಡೋನೋ ಅಂತ ಲೋಕವೆಲ್ಲ ಹೊಡೆದಾಡಿದ ಜಗಳಾನ ಒಂದೇ ಮೈಯಾಗೆ ಅರ್ಧರ್ಧ ಹಂಚಿ ಮುಗಿಸಿದ ಜಾಗ ಅದು. ಅಲ್ಲಿ ಮುಗೀದಿದ್ರೆ ನಿಮ್ಮದು ಎಲ್ಲೂ ಮುಗಿಯಂಗಿಲ್ಲ." ಗುಡಿಯ ಕಲ್ಲುಜಗಲಿಯಲ್ಲಿ ಕೂತು ತೀರ್ಮಾನ, ನಿಜ ಹೊರಬಂದರೆ ಮಕ್ತುಮ್ ಸಾಬ್ ಹೆಂಡತಿಯೊಂದಿಗೆ ಸಂಜೆಯ ರೈಲು ಹತ್ತುವುದು, ಇಲ್ಲವಾದರೆ ಇನ್ನು ಹರಿಹರಕ್ಕೆ ಕಾಲಿಡಕೂಡದು. ಮಸ್ತಾನಸಾಬ್ ಒಪ್ಪಿದ, ಗೆಲ್ಲುವವರು ಬೇಗ ಒಪ್ಪುತ್ತಾರೆ. ಖತೀಜಾಬೀ ಸೆರಗು ತಲೆಯ ಮೇಲೆ ಎಳೆದುಕೊಂಡು, ರೊಟ್ಟಿಯ ಗಂಟು ಹಿಡಿದು, ಇಬ್ಬರಿಂದಲೂ ಹತ್ತು ಹೆಜ್ಜೆ ದೂರದಲ್ಲಿ ಹಿಂದೆ ಬಂದಳು. ಆರು ತಿಂಗಳ ಸಂಸಾರ, ನಾಲ್ಕು ವರ್ಷದ ಕಾಯುವಿಕೆ, ಅದರ ಮೇಲೆ ಆರು ತಿಂಗಳ ಬೂಟಿನ ಕತೆ. ಗಂಡನ ಕಡೆ ಅವಳು ನೋಡಿದ ನೋಟದಲ್ಲಿ ಮಂಡಕ್ಕಿ ಹುರಿಯಬಹುದಾಗಿತ್ತು.

ಹರಿಹರೇಶ್ವರನ ಗುಡಿಯ ಬಾಗಿಲಲ್ಲಿ ಕಾಟಮ್ಮ ಎಂಬ ಮುದುಕಿ ಹೂವು ಮಾರುತ್ತಿದ್ದಳು. ಅವಳ ಪಕ್ಕದಲ್ಲಿ ಬಂದವರ ಪಾದರಕ್ಷೆಗಳ ಸಾಲು. ಮಸ್ತಾನಸಾಬ್ ಅಂದು ಹೊಚ್ಚ ಹೊಸ ಚಪ್ಪಲಿ ಮೆಟ್ಟಿದ್ದ. ಬೆಳಿಗ್ಗೆಯಷ್ಟೇ ಮುಗಿಸಿದ್ದು, ಎಣ್ಣೆ ಕುಡಿದು ಮಿರುಗುತ್ತಿತ್ತು. ಅದನ್ನು ಸಾಲಿನ ಹಿಂದೆ ಬಿಡುವುದು ಅವನ ಜಾಯಮಾನವಲ್ಲ. ಎಲ್ಲಕ್ಕಿಂತ ಮುಂದೆ, ಬಿಸಿಲು ಬೀಳುವ ಕಡೆ, ತುದಿ ಹೊರಗೆ ಮಾಡಿ, ಹೋಗಿ ಬರುವವರ ಕಣ್ಣಿಗೆ ಕುಕ್ಕುವಂತೆ ಜೋಡಿಸಿಟ್ಟ. ಅವನು ಎಲ್ಲಿಗೆ ಹೋದರೂ ಹಾಗೆಯೇ, ಅಂಗಡಿಗೆ ಬೋರ್ಡು ಬರೆಸುವ ಖರ್ಚು ಉಳಿಯುತ್ತದೆ ಎಂದು.

ಮಕ್ತುಮ್ ಸಾಬ್ ಮಾತ್ರ ಬಾಗಿಲಲ್ಲೇ ನಿಂತ. ಕ್ಯಾನ್ವಾಸ್ ಬೂಟು ಕಳಚಿ ಕಂಕುಳಲ್ಲಿ ಇಟ್ಟುಕೊಂಡ. ಮುರುಗೇಶಪ್ಪ ಅದನ್ನು ಒಳಗೆ ತರಬಾರದೆಂದರು. ಹಾಗಾದರೆ ನಾನು ಒಳಗೆ ಬರುವುದೇ ಇಲ್ಲ, ತೀರ್ಮಾನ ಬಾಗಿಲಲ್ಲೇ ಆಗಲಿ ಎಂದ. ಕೊನೆಗೆ ಎರಡು ಬೂಟಿನ ಲಾಡಿಗಳನ್ನು ಒಂದಕ್ಕೊಂದು ಹೆಣೆದು, ಕಾಟಮ್ಮನ ಹೂವಿನ ಮಣೆಯ ಕಾಲಿಗೆ ಸುತ್ತಿ, ಹಡಗಿನವರು ಹಾಕುವ ಗಂಟು ಹಾಕಿದ. ಒಂದಲ್ಲ, ಒಂಬತ್ತು. ಸಮುದ್ರಕ್ಕೆ ಬಿರುಗಾಳಿ ಬಂದು ತುಂಗಭದ್ರೆಯ ಮೂಲಕ ಹರಿಹರಕ್ಕೆ ಏರಿ ಬಂದಿದ್ದರೂ ಆ ಬೂಟು ಅಲುಗುತ್ತಿರಲಿಲ್ಲ. ಕಾಟಮ್ಮನಿಗೆ ಎರಡು ಸಲ ಹೇಳಿದ, ಕಣ್ಣಿಟ್ಟಿರಬೇಕೆಂದು.

"ಮಕ್ಕಳು ಕಾಗೆ ಓಡಿಸೋದಕ್ಕೂ ಎಸೆಯಂಗಿಲ್ಲ ಅದನ್ನ. ಅದಕ್ಕೆ ಇಷ್ಟು ಬಂದೋಬಸ್ತೇನು?" ಎಂದು ಮಸ್ತಾನಸಾಬ್ ಹಲ್ಲು ಕಿಸಿದ. ಖತೀಜಾಬೀ ಹತ್ತು ಹೆಜ್ಜೆ ಹಿಂದೆ ನಿಂತು ಆ ಒಂಬತ್ತು ಗಂಟುಗಳನ್ನು ಒಂದೊಂದಾಗಿ ನೋಡಿದಳು.

ಮಂಟಪದ ಜಗಲಿ ತಂಪಾಗಿತ್ತು. ಕಂಬಗಳು ಬುಗುರಿಯಂತೆ ತಿರುಗಿಸಿ ಕಡೆದವು, ಏಳು ನೂರು ವರ್ಷದಿಂದ ಜನರ ಬೆನ್ನು ಉಜ್ಜಿ ಇನ್ನೂ ನುಣುಪಾದವು. ಮುಖ ನೋಡಿಕೊಂಡು ಗಡ್ಡ ಹೆರೆಯಬಹುದು. ಮುರುಗೇಶಪ್ಪ ಬೆನ್ನು ಆನಿಸಿ ಕೂತು, ಮಕ್ತುಮ್ ಸಾಬ್ ಕಂಡ ಪಿರಮಿಡ್ಡನ್ನು ಮೊದಲಿನಿಂದ ವರ್ಣಿಸಬೇಕೆಂದರು. ಇಲ್ಲಿ ಇಷ್ಟು ಕಂಬ ಇವೆಯಲ್ಲ, ಅಲ್ಲಿ ಎಷ್ಟಿದ್ದವು?

ಮಕ್ತುಮ್ ಸಾಬ್ ಸುತ್ತ ನೋಡಿದ. ಇದಕ್ಕಿಂತ ಕಡಿಮೆ ಹೇಳಿದರೆ ಹಡಗಿಗೇ ಅವಮಾನ. ಸಾವಿರ ಎಂದ. ಸ್ವಲ್ಪ ಯೋಚಿಸಿ, ಹಿಂದಿನ ಸಾಲಿನದು ಬಿಟ್ಟು, ಎಂದು ಸೇರಿಸಿದ.

ಮುರುಗೇಶಪ್ಪ ತಲೆ ಕೆರೆದುಕೊಂಡರು. "ನಾನು ಪತ್ರಿಕೆಯಾಗೆ ಫೋಟೋ ನೋಡೀನಿ ಕಣಪ್ಪ. ಪಿರಮಿಡ್ಡಿಗೆ ಕಂಬಾನೇ ಇಲ್ಲ. ರಾಗಿ ರಾಶಿ ಹಂಗೆ ಕಲ್ಲು ಒಟ್ಟಿದ್ದು ಅಷ್ಟೆ."

ಅಷ್ಟು ಹೊತ್ತಿಗೆ ಮಸ್ತಾನಸಾಬನ ಮುಖ ಬಕ್ರೀದಿನ ಬೆಳಗಿನಂತೆ ಅರಳಿತ್ತು. "ಸೆರೆ ಅಂಗಡಿಯಾಗೆ ಕಂಬ ಇದ್ದಿರಬೇಕು ಸಾವ್ಕಾರ್ರೆ. ಕುಡಿದೋನಿಗೆ ಒಂದು ಸಾವಿರ ಕಾಣ್ತಾವೆ" ಎಂದು ಎದ್ದು ನಿಂತ. ತಂಗಿಗೆ, ನಡಿ ಮನೆಗೆ ಎಂದ.

ಖತೀಜಾಬೀ ಏಳಲಿಲ್ಲ. ಕಂಬದ ಮರೆಯಿಂದ, ಗಂಡನ ಕಡೆ ನೋಡದೆ, ಕಂಬದಲ್ಲಿ ಕಂಡ ಅವನ ಉದ್ದುದ್ದ ಮುಖಕ್ಕೇ ಕೇಳಿದಳು: "ಕುಡಿಯೋಕೆ ಬೂಟು ಮಾರಿದೋನು ಹರಿದ ಬೂಟಿಗೆ ಒಂಬತ್ತು ಗಂಟು ಹಾಕಂಗಿಲ್ಲ. ಒಂದ್ಸಲ ಕಳಕೊಂಡೋನು ಹಾಕ್ತಾನೆ. ಎಲ್ಲಿ ಕಳಕೊಂಡ್ರಿ?"

ಅರ್ಧ ವರ್ಷ ಅಣ್ಣನ ಬೈಗಳನ್ನೆಲ್ಲ ತಡೆದುಕೊಂಡಿದ್ದ ಮಕ್ತುಮ್ ಸಾಬ್ ಈ ಒಂದು ಪ್ರಶ್ನೆಗೆ ಸೋತ. ನಿಜ ಹೊರಗೆ ಬಂತು; ಮೊದಲು ಬೀಡಿ ಸೇದಿದ್ದು ಹೋಯಿತು, ಆಮೇಲೆ ನೆತ್ತಿ ಹೋಯಿತು, ಕೊನೆಗೆ ಪಿರಮಿಡ್ಡೇ ಹೆಚ್ಚುಕಡಿಮೆ ಹೋಯಿತು.

ನಡೆದದ್ದು ಇಷ್ಟೇ. ಹಡಗು ಸೂಯೆಜಿನಲ್ಲಿ ರಿಪೇರಿಗೆ ನಿಂತಿತ್ತು. ನಾಲ್ಕು ವರ್ಷ ಸಮುದ್ರದ ಮೇಲಿದ್ದರೂ ಮಕ್ತುಮ್ ಸಾಬ್ ಸಮುದ್ರ ಕಂಡದ್ದು ಕಡಿಮೆ. ಬಾಯ್ಲರ್ ಇರುವುದು ಹಡಗಿನ ಹೊಟ್ಟೆಯಲ್ಲಿ, ಸಮುದ್ರ ತಲೆಯ ಮೇಲೆ. ಆ ಒಂದು ದಿನ ರಜೆ ಸಿಕ್ಕಿ, ಸಾರಂಗ ಹನ್ನೆರಡು ಆಳುಗಳನ್ನು ಲಾರಿಯಲ್ಲಿ ತುಂಬಿಕೊಂಡು ಪಿರಮಿಡ್ಡು ನೋಡಲು ಹೊರಟ. ಏನದು ಎಂದರೆ, ಹಿಂದಿನ ಕಾಲದ ಬಾದಶಹನ ಗೋರಿ ಎಂದ. ಗೋರಿ ಎಂದ ಮೇಲೆ ಮುಗಿಯಿತು. ದರ್ಗಾದ ಹೊಸ್ತಿಲಲ್ಲಿ ಪಾದರಕ್ಷೆ ಬಿಟ್ಟು ಬೆಳೆದವನು ಗೋರಿಗೆ ಬೂಟು ಮೆಟ್ಟಿ ಹೋಗುವುದುಂಟೆ? ಇಷ್ಟು ದೊಡ್ಡ ಗೋರಿಯೆಂದರೆ ಮಲಗಿರುವವರು ಎಷ್ಟು ದೊಡ್ಡ ಪುಣ್ಯಪುರುಷರು, ಬುಜುರ್ಗರು, ಇರಬೇಕು. ಉಳಿದ ಹನ್ನೊಂದು ಮಂದಿ ಬೂಟಿನಲ್ಲೇ ಕಲ್ಲು ಹತ್ತಿ ಕೇಕೆ ಹಾಕುತ್ತಿದ್ದರು. ಇವನು ಮಸ್ತಾನಸಾಬನ ಬೂಟು ಕಳಚಿ, ಕೆಳಗಿನ ಕಲ್ಲಿನ ಬದಿಗೆ ಜೋಡಿಸಿಟ್ಟು, ತಲೆಗೆ ಕರವಸ್ತ್ರ ಕಟ್ಟಿಕೊಂಡು, ಎರಡೂ ಕೈ ಎತ್ತಿ ಸತ್ತವರಿಗಾಗಿ ಓದುವ ಫಾತಿಹಾ ಓದಿದ. ಸುಡುವ ಮರಳು ಅವನಿಗೆ ಹೊಸದಲ್ಲ. ಬಾಗಿಲು ಹುಡುಕುತ್ತ ಅದರ ಮೇಲೆ ಬರಿಗಾಲಲ್ಲಿ ಗೋರಿಯನ್ನು ಒಂದು ಸುತ್ತು ಹಾಕಿದ. ಬಂದು ನೋಡಿದರೆ ಕಲ್ಲಿತ್ತು, ಬೂಟಿರಲಿಲ್ಲ.

"ಪಿರಮಿಡ್ಡು ನೋಡಾಕ ತಲೆ ಎತ್ತಬೇಕಂತ್ರಿ" ಎಂದ ಮಕ್ತುಮ್ ಸಾಬ್ ಮುರುಗೇಶಪ್ಪನವರಿಗೆ. "ನಾನು ಸಂಜೀತನ ತಲೆ ತಗ್ಗಿಸ್ಕೊಂಡು ಬಂದೋರ ಕಾಲು ನೋಡಿದೆ. ಮಿಸರದಾಗೆ ಯಾವ ಯಾವ ನಮೂನಿ ಬೂಟು ಐತೆ ಕೇಳ್ರಿ, ಹೇಳ್ತೀನಿ. ಪಿರಮಿಡ್ಡು ಹೆಂಗೈತೆ ಕೇಳಬ್ಯಾಡ್ರಿ."

ಬಾಯ್ಲರ್ ಮುಂದಿನ ಕಬ್ಬಿಣದ ನೆಲ ಭಟ್ಟಿಯ ಮರಳಿನಂತಲ್ಲ. ಹಡಗಿನಲ್ಲಿ ಬೇರೆ ಬೂಟು ಸಿಗಲಿಲ್ಲ. ಮುಂಬಯಿ ಮುಟ್ಟುವುದರೊಳಗೆ ಅಂಗಾಲು ಬೆಂದು, ಅವನನ್ನು ಕೆಲಸದಿಂದ ಇಳಿಸಿ ಕಳಿಸಿದರು. ಹರಿದ ಕ್ಯಾನ್ವಾಸ್ ಬೂಟು ಸಿಕ್ಕಿದ್ದು ಆಮೇಲೆ, ಮುಂಬಯಿಯಲ್ಲಿ. ಅಷ್ಟನ್ನೂ ಹೇಳಬಹುದಿತ್ತು. ಇಷ್ಟು ದಿನ ಹೇಳಲಾಗದ ಮಾತು ಬೇರೆ ಇತ್ತು, ಅದನ್ನೂ ಈಗ ಹೇಳಿದ. ಅಂದು ಲಾರಿಯಲ್ಲಿ ಮರಳುವಾಗ, ಯಾವ ಬಾದಶಹನ ಗೋರಿ ಅದು ಎಂದು ಸಾರಂಗನನ್ನು ಕೇಳಿದ್ದ. ಸಾರಂಗ, "ಇನ್ಯಾರದು, ಫಿರೌನನದು" ಎಂದಿದ್ದ.

ಅದನ್ನು ಕೇಳಿ ಶುರುವಾದ ಮಸ್ತಾನಸಾಬನ ನಗೆ ಪಕ್ಕದ ಗುತ್ತೂರಿನವರೆಗೂ ಕೇಳಿಸಿ, ಅಲ್ಲಿ ಹೊಲ ಉಳುತ್ತಿದ್ದ ಎತ್ತುಗಳು ನಿಂತವು. ಏನು ಎಂದು ಮುರುಗೇಶಪ್ಪ ಕೇಳಿದ್ದಕ್ಕೆ, ಮೂಸಾ ಪೈಗಂಬರರ ಮೇಲೆ ದಂಡೆತ್ತಿ ಹೋಗಿ ಸಮುದ್ರದಲ್ಲಿ ಮುಳುಗಿದ ದುಷ್ಟ ಬಾದಶಹನೇ ಫಿರೌನ ಎಂದು ವಿವರಿಸಿ, ಕಣ್ಣು ಒರೆಸಿಕೊಂಡ. "ದುನಿಯಾ ಹುಟ್ಟಿದಾಗಿಂದ ಫಿರೌನನಿಗೆ ಫಾತಿಹಾ ಓದಿದ ಮುಸಲ್ಮಾನ ಇವನೊಬ್ನೇ ಸಾವ್ಕಾರ್ರೆ. ಅದೂ ನಾನು ಹೊಲಿದ ಬೂಟು ಬಿಚ್ಚಿ."

ಮಕ್ತುಮ್ ಸಾಬ್ ತಲೆ ಎತ್ತಲಿಲ್ಲ. ಇನ್ನು ಓಣಿಯಲ್ಲಿ ತಾನು ಸಾಯುವ ತನಕ ಫಿರೌನನ ಶಿಷ್ಯ, ಮುರೀದ; ಸತ್ತ ಮೇಲೆ ಮಕ್ಕಳು ಫಿರೌನನ ಮೊಮ್ಮಕ್ಕಳು. ಮಕ್ಕಳಾಗುವುದಕ್ಕೂ ಹೆಂಡತಿ ಮನೆಗೆ ಬರಬೇಕಲ್ಲ.

ಖತೀಜಾಬೀ ರೊಟ್ಟಿಯ ಗಂಟು ಎತ್ತಿಕೊಂಡಳು. "ದಡ್ಡನ ಜೊತೆ ಬಾಳೇವು ಮಾಡಬಹುದು ಅಣ್ಣಾ. ನಮ್ಮ ಅವ್ವ ಮಾಡಿದ್ಲು, ಅತ್ತಿಗೆ ಮಾಡಾಕ ಹತ್ಯಾಳೆ. ಸುಳ್ಳನ ಜೊತೆ ಆಗಂಗಿಲ್ಲ ಅಂತ ಸುಮ್ನಿದ್ದೆ." ಗಂಡನಿಗೆ, ಇನ್ನೊಂದು ಸಲ ಪಿರಮಿಡ್ಡು ಹತ್ತಿದರೆ ಅಲ್ಲೇ ಇರಬೇಕು, ಇಳಿಯಕೂಡದು ಎಂದಳು. ಅಷ್ಟೇ ಅವಳ ಕ್ಷಮೆ. ಅದರಲ್ಲೂ ಖಾರ ಜಾಸ್ತಿ.

ತಂಗಿ ಅತ್ತಿಗೆಯನ್ನು ಎಳೆದು ತಂದ ಮಾತು ಮಸ್ತಾನಸಾಬನಿಗೆ ಚುಚ್ಚಿತು. ನಗೆ ನಿಂತು ಹಟ ಎದ್ದಿತು. ಇದೂ ಸುಳ್ಳೇ ಎಂದ. ಗೋರಿಯೋ ಗುಡಿಯೋ, ಜನ ದೈವಕ್ಕೆ ಅಂಜಿ ಬಿಟ್ಟ ಪಾದರಕ್ಷೆಯನ್ನು ಕಳ್ಳನೂ ಮುಟ್ಟುವುದಿಲ್ಲ. ಅದರಲ್ಲೂ ತನ್ನ ಕೈಕೆಲಸ ಕಂಡರೆ ಕಳ್ಳನೇ ಕಾವಲು ನಿಲ್ಲುತ್ತಾನೆ. "ನನ್ನ ಚಪ್ಪಲಿ ಬಾಗಿಲಾಗೆ ಬಿಟ್ಟು ತಾಸಾತು. ಯಾವನಾದ್ರೂ ಮುಟ್ಯಾನಾ ಬಂದು ನೋಡ್ರಿ ಸಾವ್ಕಾರ್ರೆ. ಮುಟ್ಟಿದ್ರೆ ಇವನ ಮಾತೂ ಖರೆ, ನನ್ನ ತಂಗೀನೂ ಇವನ ಮನೆಗೆ."

ಎಲ್ಲರೂ ಹೊರಗೆ ಬಂದರು. ಸಾಲಿನಲ್ಲಿ ಮುರುಗೇಶಪ್ಪನವರ ಹಳೆಯ ಮೆಟ್ಟು ಇತ್ತು. ಖತೀಜಾಬೀಯ ಸವೆದ ಚಪ್ಪಲಿ ಇತ್ತು. ಮಣೆಯ ಕಾಲಿಗೆ ಕ್ಯಾನ್ವಾಸ್ ಬೂಟು ಒಂಬತ್ತು ಗಂಟಿನಲ್ಲಿ ನೇತಾಡುತ್ತಿತ್ತು. ಎಲ್ಲಕ್ಕಿಂತ ಮುಂದೆ, ಬಿಸಿಲು ಬೀಳುವ ಕಡೆ, ಬರೀ ಬಿಸಿಲಿತ್ತು.

ಮಸ್ತಾನಸಾಬ್ ಕಾಟಮ್ಮನ ಮೇಲೆ ಹರಿಹಾಯ್ದ. ಅವಳು ಹೂವಿನ ಮೇಲಿನ ನೊಣ ಓಡಿಸುತ್ತ, "ನನಗೆ ಒಂದು ಜೋಡಿ ಕಾಯಾಕ ಹೇಳಿದ್ರು, ಒಂದು ಜೋಡಿ ಕಾದೀನಿ. ನೀನೇನು ಹೇಳಿದ್ದೆ?" ಎಂದಳು.

ಮಕ್ತುಮ್ ಸಾಬ್ ಗಂಟು ಬಿಚ್ಚಲು ಕೂತ. ತಾನೇ ಹಾಕಿದ ಗಂಟು ತನಗೇ ಬಿಚ್ಚಲು ಬರಲಿಲ್ಲ. ಖತೀಜಾಬೀ ಬಗ್ಗಿ, ತಲೆಯ ಪಿನ್ನು ತೆಗೆದು, ಒಂದೊಂದಾಗಿ ಬಿಡಿಸಿದಳು. ಅಲ್ಲಿಯವರೆಗೆ ಮಸ್ತಾನಸಾಬ್ ಕಾದ ಹಾಸುಗಲ್ಲಿನ ಮೇಲೆ ಒಂದು ಕಾಲು ಎತ್ತಿ ಇನ್ನೊಂದು ಊರಿ, ಅದನ್ನು ಎತ್ತಿ ಇದನ್ನು ಊರಿ, ಕೊಕ್ಕರೆಯಾಗಿದ್ದ. ಮುಂದೆ ಬಜಾರಿನ ಉದ್ದಕ್ಕೂ ಗಿರಾಕಿಗಳು ಕೂತಿರುತ್ತಾರೆ. ಬಾಗಿಲಿಗೆ ಮರದ ಕಾಲು ತೂಗುಹಾಕಿದ ಅಂಗಡಿಗೆ ಹೋಗಿ ಮುಟ್ಟಬೇಕು.

"ಚಪ್ಪಲಿ ಅಂಗಡಿ ಸಾವ್ಕಾರ ಬರಿಗಾಲಾಗೆ ಹೊಂಟ್ರೆ ಕೇಳ್ದೆ ಬಿಡ್ತಾರೇನು? ಏನಂತ ಹೇಳ್ಲಿ?" ಎಂದು ಅವನು ಮುರುಗೇಶಪ್ಪನವರಿಗೆ ಹೇಳಿಕೊಂಡ.

ಉತ್ತರ ಕೊಟ್ಟವನು ಮಕ್ತುಮ್ ಸಾಬ್. ಹೆಂಡತಿಯ ಕೈಯಿಂದ ರೊಟ್ಟಿಯ ಗಂಟು ತೆಗೆದುಕೊಂಡು, ರೈಲು ನಿಲ್ದಾಣದ ಕಡೆ ನಾಲ್ಕು ಹೆಜ್ಜೆ ಹಾಕಿ, ತಿರುಗಿ ನಿಂತ.

"ಪಿರಮಿಡ್ಡಿನ ಮ್ಯಾಲೆ ಬಿಟ್ಟು ಬಂದೀನಿ ಅನ್ರಿ ಭಾವಾ. ಬೇಕಾದ್ರೆ ಹೋಗಿ ನೋಡ್ಲಿ."